ಪ್ರಾಸ್ಟೇಟ್ ಶಸ್ತ್ರಚಿಕಿತ್ಸೆಯ ನಂತರ ಪಂಪ್ ಇಂಪ್ಲಾಂಟ್: ಮೂರು ವರ್ಷ ಬಳಸಿದವನ ಅಭಿಪ್ರಾಯ

ನನ್ನ ದೇಹದೊಳಗೆ ಮೂರು ವರ್ಷಗಳಿಂದ ಇರುವ ಒಂದು ಉಪಕರಣದ ಬಗ್ಗೆ ಇಲ್ಲಿ ಬರೆಯುತ್ತಿದ್ದೇನೆ. ಪ್ರಾಸ್ಟೇಟ್ ಕ್ಯಾನ್ಸರ್‌ಗಾಗಿ ಗ್ರಂಥಿಯನ್ನು ತೆಗೆಸಿಕೊಂಡ ಮೇಲೆ ನಿಮಿರುವಿಕೆ ನಿಂತುಹೋಗಿ, ಬೇರೆ ಯಾವ ಚಿಕಿತ್ಸೆಯೂ ಒಗ್ಗದ ಗಂಡಸರಿಗೆ ಶಿಶ್ನದೊಳಗೆ ಅಳವಡಿಸುವ ಇಂಪ್ಲಾಂಟ್ ಅದು. ಒಂದು ಫ್ರಿಜ್ಜು ಕೊಳ್ಳುವ ಮುಂಚೆ ನಾಲ್ಕು ಮನೆಯಲ್ಲಿ ವಿಚಾರಿಸುವ ದಾವಣಗೆರೆಯಲ್ಲಿ ಇದನ್ನು ವಿಚಾರಿಸಲು ನನಗೆ ಒಬ್ಬರೂ ಸಿಗಲಿಲ್ಲ. ಆ ಕೊರತೆ ಇನ್ನೊಬ್ಬರಿಗೆ ಆಗದಿರಲಿ ಎಂದು ಹೇಳಬೇಕಾದುದನ್ನು ಮುಚ್ಚುಮರೆಯಿಲ್ಲದೆ ಹೇಳುತ್ತೇನೆ.

ಇಲ್ಲಿನ ಪಾಲಿಟೆಕ್ನಿಕ್ ಒಂದರಲ್ಲಿ ಮೆಕ್ಯಾನಿಕಲ್ ವಿಭಾಗದ ಉಪನ್ಯಾಸಕನಾಗಿ ನಿವೃತ್ತನಾದ ಮರುವರ್ಷ, 2019ರಲ್ಲಿ, ರಕ್ತಪರೀಕ್ಷೆಯಲ್ಲಿ ಪಿಎಸ್‌ಎ (ಪ್ರಾಸ್ಟೇಟ್ ತೊಂದರೆಯ ಸುಳಿವು ಕೊಡುವ ಪ್ರೋಟೀನ್) ಏರಿರುವುದು ಕಂಡು, ಬಯಾಪ್ಸಿಯಲ್ಲಿ ಕ್ಯಾನ್ಸರ್ ಎಂದು ಖಚಿತವಾಗಿ, ಬೆಂಗಳೂರಿನಲ್ಲಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡೆ. ಕ್ಯಾನ್ಸರ್ ಹೋಯಿತು. ಆ ವೈದ್ಯರಿಗೆ ನನ್ನ ಕೃತಜ್ಞತೆ ಯಾವತ್ತೂ ಇದೆ. ಆದರೆ ನಿಮಿರುವಿಕೆಗೆ ಬೇಕಾದ ನರಗಳು ಪ್ರಾಸ್ಟೇಟ್ ಗ್ರಂಥಿಯ ಎರಡೂ ಪಕ್ಕಕ್ಕೆ ಅಂಟಿಕೊಂಡಂತೆ ಸಾಗುತ್ತವೆ, ಗ್ರಂಥಿಯನ್ನು ಬಿಡಿಸುವಾಗ ಅವುಗಳನ್ನು ಉಳಿಸಲು ಪ್ರಯತ್ನಿಸಿದರೂ ಪೆಟ್ಟು ತಪ್ಪುವುದಿಲ್ಲ, ಗೆಡ್ಡೆ ಅಂಚಿಗೆ ಬಂದಿದ್ದರೆ ನರವನ್ನೂ ತೆಗೆಯಬೇಕಾಗುತ್ತದೆ ಎಂಬ ಮಾತನ್ನು ಶಸ್ತ್ರಚಿಕಿತ್ಸೆಗೆ ಮೊದಲು ಯಾರೂ ನನ್ನನ್ನು ಕೂರಿಸಿಕೊಂಡು ಹೇಳಲಿಲ್ಲ. ಮೂತ್ರ ಸೋರಿಕೆಯ ಬಗ್ಗೆ ಹೇಳಿದರು, ಅದಕ್ಕೆ ವ್ಯಾಯಾಮವನ್ನೂ ಕಲಿಸಿದರು. ಇದು ಮಾತ್ರ ಸಹಿ ಹಾಕಿಸಿಕೊಂಡ ಒಪ್ಪಿಗೆಪತ್ರದ ಒಂದು ಸಾಲಿನಲ್ಲಿ ಉಳಿದುಹೋಯಿತು. ಅರವತ್ತು ದಾಟಿದವನಿಗೆ ಇನ್ನು ಇದೇಕೆ ಎಂದು ಅವರೇ ನಿರ್ಧರಿಸಿಬಿಟ್ಟಿದ್ದರೇನೋ. ಈ ನೋವು ನನ್ನಲ್ಲಿ ಇನ್ನೂ ಇದೆ.

ನರಗಳು ಚೇತರಿಸಿಕೊಳ್ಳಲು ಒಂದೂವರೆಯಿಂದ ಎರಡು ವರ್ಷ ಬೇಕಾಗಬಹುದಾದ್ದರಿಂದ ಯಾರೂ ನೇರವಾಗಿ ಇಂಪ್ಲಾಂಟ್‌ಗೆ ಹೋಗುವುದಿಲ್ಲ, ಹೋಗಲೂಬಾರದು. ಮೊದಲು ಸಿಲ್ಡೆನಾಫಿಲ್, ಆಮೇಲೆ ಟಡಾಲಾಫಿಲ್ ಮಾತ್ರೆ ನುಂಗಿದೆ. ಈ ಮಾತ್ರೆಗಳು ನರದಿಂದ ಬರುವ ಸಂಕೇತವನ್ನು ಬಲಪಡಿಸುತ್ತವೆಯೇ ಹೊರತು ತಾವೇ ಸಂಕೇತ ಹುಟ್ಟಿಸುವುದಿಲ್ಲ. ನರವೇ ಸತ್ತಿದ್ದರೆ ಅವು ಬಲಪಡಿಸುವುದಾದರೂ ಏನನ್ನು? (ಎದೆನೋವಿಗೆ ನೈಟ್ರೇಟ್ ಗುಳಿಗೆ ತೆಗೆದುಕೊಳ್ಳುವವರು ಇವನ್ನು ಮುಟ್ಟಲೇಬಾರದು, ರಕ್ತದೊತ್ತಡ ಅಪಾಯದ ಮಟ್ಟಕ್ಕೆ ಕುಸಿಯುತ್ತದೆ.) ಗಾಳಿ ಹೀರಿ ಶಿಶ್ನಕ್ಕೆ ರಕ್ತ ಸೆಳೆಯುವ ವ್ಯಾಕ್ಯೂಮ್ ಕೊಳವೆ ಕೆಲಸ ಮಾಡಿತು, ಆದರೆ ಬುಡಕ್ಕೆ ಹಾಕುವ ರಬ್ಬರ್ ಉಂಗುರದಿಂದ ಚರ್ಮ ತಣ್ಣಗಾಗಿ ನೀಲಿಗಟ್ಟುತ್ತಿತ್ತು. ಶಿಶ್ನದ ಪಕ್ಕಕ್ಕೆ ಚುಚ್ಚಿಕೊಳ್ಳುವ ಇಂಜೆಕ್ಷನ್‌ಗೆ ನರದ ಹಂಗಿಲ್ಲದ ಕಾರಣ ಅದು ಚೆನ್ನಾಗಿಯೇ ಫಲ ಕೊಟ್ಟಿತು; ಆದರೆ ಪ್ರತಿ ಬಾರಿಯೂ ಒಂದು ಬಗೆಯ ಸೆಳೆತದ ನೋವು, ಅದಕ್ಕಿಂತ ಹೆಚ್ಚಾಗಿ ಸೂಜಿ ಹಿಡಿದು ಕೂರುವ ಆ ಹತ್ತು ನಿಮಿಷದ ಮುಜುಗರ ನನ್ನಿಂದ ಸಹಿಸಲಾಗಲಿಲ್ಲ. ಈ ನಡುವೆ ಗೋಡೆಯ ಪೋಸ್ಟರ್ ನೋಡಿ ಲಾಡ್ಜ್ ಒಂದಕ್ಕೆ ಹೋಗಿ, ಲೇಹ್ಯ ಮತ್ತು ಎಣ್ಣೆಗೆಂದು ಹನ್ನೆರಡು ಸಾವಿರ ರೂಪಾಯಿ ಕೊಟ್ಟು ಬಂದದ್ದೂ ಉಂಟು. ಕಡಿದುಹೋದ ನರವನ್ನು ಯಾವ ಲೇಹ್ಯವೂ ಕೂಡಿಸುವುದಿಲ್ಲ.

ಕೋವಿಡ್ ಕಳೆದ ಮೇಲೆ ಇನ್ನೊಬ್ಬ ಯುರಾಲಜಿಸ್ಟ್ ಬಳಿಗೆ ಹೋದಾಗ ಅವರು ಮೇಜಿನ ಖಾನೆಯಿಂದ ಒಂದು ಮಾದರಿಯನ್ನು ತೆಗೆದು ನನ್ನ ಕೈಗೆ ಕೊಟ್ಟರು. ಎರಡು ಉದ್ದನೆಯ ಸಿಲಿಂಡರ್‌ಗಳು, ಒಂದು ಪುಟ್ಟ ಪಂಪು, ಸಲೈನ್ ತುಂಬಿದ ಒಂದು ಚೀಲ, ಇವನ್ನು ಕೂಡಿಸುವ ಸಣ್ಣ ಟ್ಯೂಬುಗಳು; ಇಷ್ಟೇ. ಸಿಲಿಂಡರ್‌ಗಳು ಶಿಶ್ನದೊಳಗಿನ ಎರಡು ಕೋಣೆಗಳಲ್ಲಿ, ಪಂಪು ವೃಷಣಚೀಲದಲ್ಲಿ, ಸಲೈನ್ ಚೀಲ ಕಿಬ್ಬೊಟ್ಟೆಯೊಳಗೆ ಮೂತ್ರಕೋಶದ ಬದಿಯಲ್ಲಿ ಕೂರುತ್ತವೆ. ಪಂಪನ್ನು ಒತ್ತಿದಂತೆಲ್ಲ ಚೀಲದ ನೀರು ಸಿಲಿಂಡರ್‌ಗೆ ಬಂದು ಅವು ಗಟ್ಟಿಯಾಗುತ್ತವೆ. ಪಂಪಿನ ಮೇಲಿರುವ ಗುಂಡಿಯನ್ನು ಒತ್ತಿದರೆ ಕವಾಟ ತೆರೆದು ನೀರು ವಾಪಸ್ಸು ಹೋಗುತ್ತದೆ. ಮೂವತ್ತು ವರ್ಷ ಹೈಡ್ರಾಲಿಕ್ಸ್ ಪಾಠ ಹೇಳಿದ ನನಗೆ ಆ ಸರಳತೆಯನ್ನು ಕಂಡು ನಿಜವಾಗಿಯೂ ಸಂತೋಷವಾಯಿತು. ಬ್ಯಾಟರಿಯಿಲ್ಲ, ವೈರಿಲ್ಲ, ಹೊರಗಡೆ ಕಾಣುವ ಭಾಗ ಒಂದೂ ಇಲ್ಲ. ಹ್ಯೂಸ್ಟನ್ನಿನ ವೈದ್ಯ ಬ್ರಾಂಟ್ಲಿ ಸ್ಕಾಟ್ ಇದರ ಮೊದಲ ರೂಪವನ್ನು 1973ರಲ್ಲೇ ಬಳಕೆಗೆ ತಂದಿದ್ದರಂತೆ; ಅಂದರೆ ಇದು ನಿನ್ನೆ ಮೊನ್ನೆಯ ಪ್ರಯೋಗವಲ್ಲ.

ಪಂಪಿಲ್ಲದ, ಕೈಯಿಂದ ಬಾಗಿಸುವ ಎರಡು ಕಡ್ಡಿಗಳ ಇಂಪ್ಲಾಂಟ್ ಕೂಡ ಇದೆ. ಮುಂಬೈನ ಡಾ. ರೂಪಿನ್ ಶಾ ಅವರು ರೂಪಿಸಿದ ದೇಶೀ ಮಾದರಿ ಆ ಬಗೆಯದು, ಬೆಲೆಯೂ ಬಹಳ ಕಡಿಮೆ. ಕೆಡುವ ಭಾಗಗಳು ಅದರಲ್ಲಿ ಇಲ್ಲವೆಂಬುದು ದೊಡ್ಡ ಗುಣ. ಯಾವಾಗಲೂ ಗಟ್ಟಿಯಾಗಿಯೇ ಇರುವುದರಿಂದ ಪಂಚೆಯಲ್ಲೋ ಪ್ಯಾಂಟಿನಲ್ಲೋ ಮರೆಮಾಡಿಕೊಳ್ಳಬೇಕೆಂಬುದು ದೋಷ. ಹಣದ ತೊಂದರೆ ಇರುವವರಿಗೆ, ಬೆರಳುಗಳಲ್ಲಿ ಶಕ್ತಿ ಕುಂದಿರುವವರಿಗೆ ಅದೇ ಸೂಕ್ತವೆಂದು ನನ್ನ ಅಭಿಪ್ರಾಯ. ಬೆಳಗಿನ ಹೊತ್ತು ಕುಂದವಾಡ ಕೆರೆಯ ಏರಿಯ ಮೇಲೆ ನಡೆಯುವ, ಮೊಮ್ಮಕ್ಕಳನ್ನು ತೊಡೆಯ ಮೇಲೆ ಕೂರಿಸಿಕೊಳ್ಳುವ ನನಗೆ ಬೇಡವೆಂದಾಗ ಸಡಿಲವಾಗುವುದೇ ಬೇಕಿತ್ತು.

ಸಕ್ಕರೆ ಕಾಯಿಲೆ ಇರುವುದರಿಂದ ವೈದ್ಯರು ನನ್ನನ್ನು ಮೂರು ತಿಂಗಳು ಕಾಯಿಸಿದರು. ಒಳಗಿಟ್ಟ ವಸ್ತುವಿಗೆ ಸೋಂಕು ತಗುಲಿದರೆ ಸಾಮಾನ್ಯವಾಗಿ ಇಡೀ ಉಪಕರಣವನ್ನೇ ತೆಗೆಯಬೇಕಾಗುತ್ತದೆ. ಈಗಿನ ಇಂಪ್ಲಾಂಟ್‌ಗಳಿಗೆ ಆ್ಯಂಟಿಬಯಾಟಿಕ್ ಲೇಪನ ಇರುವುದರಿಂದ ಆ ಸಂಭವ ಕಡಿಮೆಯಾಗಿದೆಯಾದರೂ ಸಕ್ಕರೆ ಹತೋಟಿಯಲ್ಲಿಲ್ಲದವರು ಅವಸರ ಮಾಡಬಾರದು. ಶಸ್ತ್ರಚಿಕಿತ್ಸೆ ಸುಮಾರು ಒಂದೂವರೆ ಗಂಟೆಯದು, ಮೂರನೆಯ ದಿನ ಮನೆಗೆ ಬಂದೆ. ಮೊದಲ ಹತ್ತು ದಿನ ವೃಷಣಚೀಲ ಊದಿಕೊಂಡು, ಕೂರಲು ಏಳಲು ವಿಪರೀತ ನೋವಿತ್ತು.

ಆರನೆಯ ವಾರ ಪಂಪು ಬಳಸಲು ಕಲಿಸಿದರು. ಚರ್ಮದ ಕೆಳಗೆ ಅಡಿಕೆಕಾಯಿಯಂತೆ ಕೈಗೆ ಸಿಗುವ ಅದನ್ನು ಒಂದು ಕೈಯಿಂದ ಜಾರದಂತೆ ಹಿಡಿದು, ಇನ್ನೊಂದು ಕೈಯ ಹೆಬ್ಬೆರಳು ತೋರುಬೆರಳಿನಿಂದ ಒತ್ತಬೇಕು. ನನಗೆ ಸುಮಾರು ಹದಿನೈದು ಸಲ ಒತ್ತಬೇಕಾಗುತ್ತದೆ. ಉಬ್ಬಿಸುವುದು ಸುಲಭ, ಇಳಿಸುವ ಗುಂಡಿ ಹುಡುಕುವುದು ಕಷ್ಟ. ಮನೆಯಲ್ಲಿ ಮೊದಲ ಸಲ ಇಳಿಸಲಾಗದೆ ಬಚ್ಚಲಮನೆಯಲ್ಲಿ ಮುಕ್ಕಾಲು ಗಂಟೆ ಬೆವರಿದೆ. ಹೊರಗಿನಿಂದ ನಮ್ಮ ಮನೆಯವರು "ರೀ, ಗಾಬರಿ ಆಗಬ್ಯಾಡ್ರಿ, ಬಾಗಿಲು ತೆಗೀರಿ, ನಾನೂ ನೋಡ್ತೀನಿ" ಎಂದರು. ಆಸ್ಪತ್ರೆಯಲ್ಲಿ ಕಲಿಸುವಾಗ ಅವರೂ ಪಕ್ಕದಲ್ಲಿದ್ದು ನೋಡಿಕೊಂಡಿದ್ದರಿಂದ ಗುಂಡಿ ಅವರ ಬೆರಳಿಗೆ ಸಿಕ್ಕಿತು. ಗಂಡನೊಬ್ಬನನ್ನೇ ಕೂರಿಸಿಕೊಂಡು ಐದು ನಿಮಿಷದಲ್ಲಿ ತೋರಿಸಿ ಕಳಿಸುವ ವೈದ್ಯರಿದ್ದರೆ, ದಯವಿಟ್ಟು ಹೆಂಡತಿಯನ್ನೂ ಒಳಗೆ ಕರೆಯಿರಿ ಎಂದು ಕೇಳಿಕೊಳ್ಳುತ್ತೇನೆ.

ಫಲದ ಬಗ್ಗೆ ಹೇಳುವುದಾದರೆ, ಗಡಸುತನ ಪೂರ್ಣವಾಗಿದೆ, ಬೇಕಾದಷ್ಟು ಹೊತ್ತು ನಿಲ್ಲುತ್ತದೆ, ಒಂದು ಸಲವೂ ಕೈಕೊಟ್ಟಿಲ್ಲ. ಸ್ಪರ್ಶದ ಅರಿವು ಮೊದಲಿನಂತೆಯೇ ಇದೆ. ಸುಖದ ತುದಿ ಮುಟ್ಟುವುದೂ ಸಾಧ್ಯ, ಆದರೆ ವೀರ್ಯ ಬರುವುದಿಲ್ಲ. ಅದು ಇಂಪ್ಲಾಂಟ್‌ನ ದೋಷವಲ್ಲ, ಪ್ರಾಸ್ಟೇಟ್ ಮತ್ತು ವೀರ್ಯಕೋಶಗಳನ್ನು ತೆಗೆದುದರ ಪರಿಣಾಮ. ಉದ್ದ ಮಾತ್ರ ಹಿಂದಿನಷ್ಟಿಲ್ಲ. ಇದು ಬಯಕೆಯನ್ನು ಹುಟ್ಟಿಸುವ ಯಂತ್ರವೂ ಅಲ್ಲ. ಮನಸ್ಸು ಬಂದಾಗ ದೇಹ ಜೊತೆಗೂಡುವಂತೆ ಮಾಡುತ್ತದೆ, ಅಷ್ಟೇ. ಎರಡು ವರ್ಷ ಬೆನ್ನು ತಿರುಗಿಸಿ ಮಲಗುತ್ತಿದ್ದ ನನಗೆ ಆ ಅಷ್ಟೇ ಎಂಬುದು ಎಷ್ಟು ದೊಡ್ಡದೆಂದು ನಮ್ಮಿಬ್ಬರಿಗೆ ಗೊತ್ತು.

ಒಮ್ಮೆ ಅಳವಡಿಸಿದ ಮೇಲೆ ಹಿಂದಿರುಗುವ ದಾರಿ ಇಲ್ಲವೆಂಬುದನ್ನು ಗಟ್ಟಿಯಾಗಿ ಹೇಳಬೇಕು. ಒಳಗಿನ ಅಂಗಾಂಶ ಬದಲಾಗುವುದರಿಂದ, ಮುಂದೆ ಇಂಪ್ಲಾಂಟ್ ತೆಗೆದರೆ ಸಹಜ ನಿಮಿರುವಿಕೆಯಾಗಲಿ ಮಾತ್ರೆಯ ಫಲವಾಗಲಿ ನಿರೀಕ್ಷಿಸುವಂತಿಲ್ಲ. ಯಂತ್ರವಾದ್ದರಿಂದ ಹತ್ತು ಹದಿನೈದು ವರ್ಷದ ಮೇಲೆ ಸವೆಯಲೂಬಹುದು, ಆಗ ಮತ್ತೆ ಶಸ್ತ್ರಚಿಕಿತ್ಸೆ. ಬೆಲೆಯಂತೂ ನಮ್ಮಂಥವರಿಗೆ ಭಾರ: ಎಲ್ಲ ಸೇರಿ ಆರು ಲಕ್ಷದ ಹತ್ತಿರ ಹೋಯಿತು. ಕ್ಯಾನ್ಸರ್ ಶಸ್ತ್ರಚಿಕಿತ್ಸೆಗೆ ಹಣ ಕೊಟ್ಟ ವಿಮೆ, ಅದೇ ಶಸ್ತ್ರಚಿಕಿತ್ಸೆಯಿಂದಾದ ಈ ಊನಕ್ಕೆ ಒಂದು ರೂಪಾಯಿಯನ್ನೂ ಕೊಡಲಿಲ್ಲ. ಕೈಕಾಲು ಕಳೆದುಕೊಂಡವನ ಕೃತಕ ಅಂಗವನ್ನು ಯಾರೂ ಶೋಕಿ ಎನ್ನುವುದಿಲ್ಲ; ಇದನ್ನೇಕೆ ಅನ್ನಬೇಕು?

ಉಪಕರಣದ ಮಾದರಿ ಮತ್ತು ಸಂಖ್ಯೆ ಬರೆದ ಒಂದು ಕಾರ್ಡ್ ಕೊಡುತ್ತಾರೆ, ಅದನ್ನು ಕಳೆಯಬೇಡಿ. ಹೋದ ವರ್ಷ ಹರ್ನಿಯಾ ಶಸ್ತ್ರಚಿಕಿತ್ಸೆಗೆ ದಾಖಲಾದಾಗ ಆ ಕಾರ್ಡ್ ತೋರಿಸಿದ್ದರಿಂದಲೇ ಕಿಬ್ಬೊಟ್ಟೆಯಲ್ಲಿ ಸಲೈನ್ ಚೀಲ ಇರುವುದು ಅಲ್ಲಿನ ಸರ್ಜನ್‌ಗೆ ತಿಳಿದು, ಟ್ಯೂಬಿಗೆ ಚಾಕು ತಗುಲದಂತೆ ನೋಡಿಕೊಂಡರು. ಈಗ ಅದು ಪಿಎಸ್‌ಎ ವರದಿಗಳ ಜೊತೆಗೆ ಒಂದೇ ಫೈಲಿನಲ್ಲಿದೆ, ಅದರದೊಂದು ಜೆರಾಕ್ಸ್ ಪ್ರತಿ ನನ್ನ ಪರ್ಸಿನಲ್ಲಿ, ಇನ್ನೊಂದು ನಮ್ಮ ಮನೆಯವರ ವ್ಯಾನಿಟಿ ಬ್ಯಾಗಿನಲ್ಲಿ.