ಆಷಾಢ ಸೇಲ್‌ಗೆ ಹೋಗುವವರೇ, ಬೆಲೆ ಚೀಟಿಯ ಕೆಳಗೂ ಒಮ್ಮೆ ನೋಡಿ

ಅರ್ಧ ಬೆಲೆ ಅನ್ನೋ ಬೋರ್ಡ್ ನೋಡಿ ಬಟ್ಟೆ ಅಂಗಡಿಗೆ ನುಗ್ಗುವ ಮೊದಲು ಇದನ್ನು ಓದಿ. ನನಗೆ ಆದದ್ದು ನಿಮಗೆ ಆಗಬಾರದು.

2024ರ ಆಷಾಢ. ಒಂದು ಶುಕ್ರವಾರ ಅತ್ತೆಯ ಜೊತೆ ಚಾಮುಂಡಿ ಬೆಟ್ಟಕ್ಕೆ ಹೋಗಿ, ದರ್ಶನ ಮುಗಿಸಿ ಇಳಿದಿದ್ದೆ. ಮೈಸೂರಿನ ಒಂದು ದೊಡ್ಡ ಅಂಗಡಿಯ ಮುಂದೆ ‘ಎಲ್ಲದಕ್ಕೂ 50% ರಿಯಾಯಿತಿ’ ಅಂತ ಹಾಕಿದ್ದರು. ವರಮಹಾಲಕ್ಷ್ಮಿ ಹಬ್ಬಕ್ಕೆ ಹೇಗೂ ಬಟ್ಟೆ ಬೇಕಿತ್ತು. ಎರಡು ಚೂಡಿದಾರ್ ಸೆಟ್ ಆರಿಸಿದೆ, ತಲಾ 2,400 ರೂಪಾಯಿ. ಮನೆಯವರಿಗೆ 1,800ರ ಶರ್ಟ್. ಅರ್ಧ ಅಂದರೆ 3,300 ಆಗಬೇಕು, ಅಲ್ವಾ? ಬಿಲ್ ಬಂದದ್ದು 3,633.

“ಡಿಸ್ಕೌಂಟ್ ಐಟಂಗೆ ಜಿಎಸ್‌ಟಿ ಬೇರೆ ಮೇಡಂ, ಬೋರ್ಡಲ್ಲೇ ಇದೆ ನೋಡಿ” ಅಂದ ಕೌಂಟರಿನ ಹುಡುಗ. ಹೌದು, ಮೂಲೆಯಲ್ಲಿ ಒಂದು ಚುಕ್ಕಿ, ಅದರ ಪಕ್ಕ ಇರುವೆ ಗಾತ್ರದ ಅಕ್ಷರ. ಹಿಂದೆ ಉದ್ದ ಕ್ಯೂ. “ಹೊತ್ತಾಯ್ತು, ಕೊಟ್ಟು ಬಾಮ್ಮ” ಅಂದರು ಅತ್ತೆ. ಸುಮ್ನೆ ಕೊಟ್ಟು ಬಂದೆ. ಅದು ನನ್ನ ಮೊದಲ ತಪ್ಪು.

ಎಂಆರ್‌ಪಿ ಅಂದರೆ ಎಲ್ಲ ತೆರಿಗೆ ಸೇರಿದ ಬೆಲೆ. ಆ ಬೆಲೆಯಲ್ಲಿ ಅರ್ಧ ಬಿಡ್ತೀವಿ ಅಂತ ಕರೆದ ಮೇಲೆ, ಉಳಿದ ಅರ್ಧದ ಮೇಲೆ ಮತ್ತೆ ತೆರಿಗೆ ಕೂಡಿಸುವ ಹಾಗಿಲ್ಲ. 2017ರ ಜನವರಿಯಲ್ಲೇ ರಾಷ್ಟ್ರೀಯ ಗ್ರಾಹಕ ಆಯೋಗ ಇಂಥದ್ದೇ ಒಂದು ಪ್ರಕರಣದಲ್ಲಿ ಇದು ಅನುಚಿತ ವ್ಯಾಪಾರ ಅಂತ ಹೇಳಿತ್ತು. ಆಗ ಇದ್ದದ್ದು ವ್ಯಾಟ್, ಅಷ್ಟೇ ವ್ಯತ್ಯಾಸ. ಸಣ್ಣ ಅಕ್ಷರದ ಷರತ್ತೂ ಅಂಗಡಿಯವರನ್ನು ಕಾಯುವುದಿಲ್ಲ. ದೊಡ್ಡದಾಗಿ ಬರೆದ ಮಾತನ್ನು ಚಿಕ್ಕದಾಗಿ ಬರೆದು ವಾಪಸ್ ತೆಗೆದುಕೊಳ್ಳುವಂತಿಲ್ಲ ಅಂತ ದಾರಿ ತಪ್ಪಿಸುವ ಜಾಹೀರಾತುಗಳ ಬಗ್ಗೆ 2022ರ ಜೂನ್‌ನಲ್ಲಿ ಬಂದ ಕೇಂದ್ರದ ಮಾರ್ಗಸೂಚಿಯಲ್ಲಿದೆ.

ನಿಜವಾದ ಮೋಸ ಗೊತ್ತಾದದ್ದು ಮನೆಗೆ ಬಂದ ಮೇಲೆ. ಮಗಳು ಚೂಡಿದಾರ್‌ನ ಬೆಲೆ ಚೀಟಿಯನ್ನು ಉಗುರಲ್ಲಿ ಕೆರೆಯುತ್ತಾ ಕೂತಿದ್ದಳು. 2,400ರ ಸ್ಟಿಕ್ಕರ್ ಕಿತ್ತು ಬಂತು. ಕೆಳಗೆ ತಯಾರಕರೇ ಅಚ್ಚು ಹಾಕಿದ ಬೆಲೆ: 1,599.

ಲೆಕ್ಕ ಹಾಕಿದೆ. ನಾನು ಕೊಟ್ಟದ್ದು 1,200, ಮೇಲೆ ತೆರಿಗೆ 144, ಒಟ್ಟು 1,344. ಅಂದರೆ ನನಗೆ ಸಿಕ್ಕಿದ್ದು ನೂರಕ್ಕೆ ಐವತ್ತರ ರಿಯಾಯಿತಿ ಅಲ್ಲ, ಸುಮಾರು ಹದಿನಾರರದ್ದು. ಹೊಟ್ಟೆ ಉರಿಯಿತು. ನೂರು ಇನ್ನೂರಕ್ಕಲ್ಲ, ಪಕ್ಕದಲ್ಲೇ ಒಬ್ಬ ಅಜ್ಜಿ ಮೊಮ್ಮಗಳಿಗೆ ಲಂಗ ತೆಗೆದುಕೊಂಡು, ಸೊಂಟದ ಚೀಲದಿಂದ ನೋಟು ಎಣಿಸಿ ಕೊಡುತ್ತಿದ್ದದ್ದು ನೆನಪಾಗಿ.

ಬೆಲೆ ಇಳಿಸುವುದಾದರೆ ಮಾತ್ರ ಹೊಸ ಸ್ಟಿಕ್ಕರ್ ಅಂಟಿಸಬಹುದು. ಆಗಲೂ ಹಳೆಯ ಬೆಲೆ ಕಾಣುತ್ತಿರಬೇಕು. ಬೆಲೆ ಏರಿಸಿ, ಹಳೆಯದನ್ನು ಮುಚ್ಚಿ, ಅದರ ಮೇಲೆ ರಿಯಾಯಿತಿ ಅನ್ನುವುದು ಅಪರಾಧ. ಇದನ್ನು ನೋಡುವುದು ಕಾನೂನು ಮಾಪನ ಇಲಾಖೆ, ನಾವೆಲ್ಲ ತೂಕ ಅಳತೆ ಇಲಾಖೆ ಅನ್ನುತ್ತೀವಲ್ಲ, ಅದೇ.

ಇಲ್ಲಿ ನನ್ನ ಎರಡನೇ ತಪ್ಪು ಹೇಳಬೇಕು. ಕಿತ್ತ ಸ್ಟಿಕ್ಕರ್ ಕಸದ ಬುಟ್ಟಿಗೆ ಹೋಗಿತ್ತು. ಇನ್ನೊಂದು ಸೆಟ್ಟಿನ, ಶರ್ಟಿನ ಚೀಟಿಗಳನ್ನೂ ಕತ್ತರಿಸಿ ಎಸೆದಿದ್ದೆ. ಬೋರ್ಡಿನ ಫೋಟೋ ಇಲ್ಲ. ಮರುದಿನ ಅಂಗಡಿಗೆ ಹೋಗಿ ಕೇಳಿದರೆ, “ನಮ್ಮಲ್ಲಿ ಅಂಥ ಸ್ಟಿಕ್ಕರೇ ಇಲ್ಲ” ಅಂದರು. ಕೈಯಲ್ಲಿ ಏನೂ ಇಲ್ಲದೆ ಏನು ಹೇಳಲಿ?

ಬಿಲ್ ಒಂದಿತ್ತು. ಅದರಲ್ಲಿ ಎಂಆರ್‌ಪಿ, ರಿಯಾಯಿತಿ, ತೆರಿಗೆ ಮೂರೂ ಬೇರೆ ಬೇರೆ ಸಾಲಿನಲ್ಲಿದ್ದವು. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ವಿಚಾರಿಸಿದೆ. ಆಮೇಲೆ ಬಿಲ್ಲಿನ ಜೆರಾಕ್ಸ್ ಇಟ್ಟು ಅಂಗಡಿಗೆ ರಿಜಿಸ್ಟರ್ಡ್ ಪೋಸ್ಟ್‌ನಲ್ಲಿ ಪತ್ರ ಹಾಕಿದೆ. ಹಣ ಕೊಡದಿದ್ದರೆ ಗ್ರಾಹಕ ಆಯೋಗಕ್ಕೆ ಹೋಗ್ತೀನಿ ಅಂತ ಬರೆದಿದ್ದೆ. ಮೂರು ವಾರಕ್ಕೆ ಕರೆದು 333 ರೂಪಾಯಿ ವಾಪಸ್ ಕೊಟ್ಟರು. ಸ್ಟಿಕ್ಕರಿನ ವಿಷಯ ಅಲ್ಲಿಗೇ ನಿಂತಿತು.

ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗಲು ಹೆದರಬೇಡಿ. ಕೊಟ್ಟ ಹಣ 5 ಲಕ್ಷದವರೆಗೆ ಇದ್ದರೆ ದೂರಿಗೆ ಶುಲ್ಕವಿಲ್ಲ, ವಕೀಲರೂ ಬೇಕೆಂದೇನಿಲ್ಲ. ಎರಡು ವರ್ಷದೊಳಗೆ ಹಾಕಬೇಕು. ಅಂಗಡಿ ಇಟ್ಟಿರುವ ಸ್ನೇಹಿತರಿಗೂ ಒಂದು ಮಾತು: ದಾರಿ ತಪ್ಪಿಸುವ ಜಾಹೀರಾತಿಗೆ ಮೊದಲ ಸಲವೇ 10 ಲಕ್ಷ ರೂಪಾಯಿವರೆಗೆ ದಂಡ ಹಾಕುವ ಅಧಿಕಾರ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರಕ್ಕಿದೆ.

ಈ ಸಲ ಸೇಲ್‌ಗೆ ಹೋದರೆ ಬೋರ್ಡಿನ ಫೋಟೋ ತೆಗೆಯಿರಿ, ಮೂಲೆಯ ಸಣ್ಣ ಅಕ್ಷರವೂ ಓದಲು ಬರುವಷ್ಟು ಹತ್ತಿರದಿಂದ. ಚೀಟಿಯ ಮೇಲೆ ಬೆರಳಾಡಿಸಿ. ದಪ್ಪ ಅನ್ನಿಸಿದರೆ ಅಲ್ಲೇ ಕಿತ್ತು ನೋಡಿ, ಕೆಳಗಿನ ಬೆಲೆಯ ಫೋಟೋ ತೆಗೆದುಕೊಂಡೇ ಕೌಂಟರಿಗೆ ಹೋಗಿ. ಹಿಂದೆ ಕ್ಯೂ ಎಷ್ಟೇ ಉದ್ದ ಇರಲಿ.