ಮೇಲುಕೋಟೆಗೆ ಒಬ್ಬರೇ, ಸಾರಿಗೆ ಬಸ್ಸಿನಲ್ಲಿ: ಹೋಗುವುದು ಸಲೀಸು, ಬರುವುದಕ್ಕೆ ಲೆಕ್ಕ ಬೇಕು

ಮೇಲುಕೋಟೆ ಬಗ್ಗೆ ಬರೆಯುವವರು ಹೆಚ್ಚಾಗಿ ಕಾರಿನಲ್ಲಿ ಹೋಗಿ ಬಂದವರು. ಒಬ್ಬರೇ, ಅದೂ ಬಸ್ಸಿನಲ್ಲಿ ಹೊರಡುವವರ ಪ್ರಶ್ನೆಗಳೇ ಬೇರೆ. ಎಲ್ಲಿ ಬಸ್ಸು ಬದಲಿಸಬೇಕು, ಯಾವ ಬಸ್ಸು ಹತ್ತಲೇಬಾರದು, ಬೆಟ್ಟದ ಗುಡಿಯ ಬಾಗಿಲು ಹಾಕಿದ್ದರೆ ಮಧ್ಯಾಹ್ನವಿಡೀ ಎಲ್ಲಿ ಕೂರಬೇಕು, ಕೊನೆಯ ಬಸ್ಸು ತಪ್ಪಿದರೆ ಏನು ಗತಿ? ಇದನ್ನೆಲ್ಲ ಮುಂದಿಟ್ಟುಕೊಂಡು ಕೆಎಸ್‌ಆರ್‌ಟಿಸಿಯ ಮೇಲುಕೋಟೆ ಸೇವೆಗೆ ಐದಕ್ಕೆ ಮೂರೂವರೆ ಕೊಡಬಹುದು. ಬೆಳಗ್ಗೆ ಹೋಗುವುದಕ್ಕೆ ನಾಲ್ಕೂವರೆ, ಸಂಜೆ ವಾಪಸಾಗುವುದಕ್ಕೆ ಎರಡೂವರೆ. ಹಾಗಾಗಿ ಇಲ್ಲಿಗೆ ಹೊರಡುವವರು ವಾಪಸು ಬಸ್ಸಿನಿಂದಲೇ ಲೆಕ್ಕ ಶುರುಮಾಡುವುದು ಒಳ್ಳೆಯದು.

ಮೇಲುಕೋಟೆ ಇರುವುದು ಮಂಡ್ಯ ಜಿಲ್ಲೆಯ ಪಾಂಡವಪುರ ತಾಲೂಕಿನಲ್ಲಿ. ಮೈಸೂರಿನಿಂದ ಸುಮಾರು 50 ಕಿ.ಮೀ., ಮಂಡ್ಯದಿಂದ ಅದಕ್ಕಿಂತ ಕಡಿಮೆ. ಮೈಸೂರಿನಿಂದ ಹೋಗುವುದು ಎಲ್ಲಕ್ಕಿಂತ ಸುಲಭ. ಸಬರ್ಬನ್ ಬಸ್ ಸ್ಟ್ಯಾಂಡಿನಲ್ಲಿ ನೇರ ಬಸ್ಸು ಸಿಗುತ್ತದೆ, ಶ್ರೀರಂಗಪಟ್ಟಣ, ಪಾಂಡವಪುರ, ಜಕ್ಕನಹಳ್ಳಿ ದಾರಿಯಾಗಿ ಒಂದೂವರೆಯಿಂದ ಎರಡು ಗಂಟೆಯಲ್ಲಿ ತಲುಪಿಸುತ್ತದೆ. ನೇರ ಬಸ್ಸು ಆಗತಾನೇ ಹೊರಟುಹೋಗಿದ್ದರೆ ಮುಂದಿನದಕ್ಕಾಗಿ ಕಾಯುತ್ತ ಕೂರುವ ಬದಲು ಪಾಂಡವಪುರದ ಬಸ್ಸು ಹತ್ತಿ, ಅಲ್ಲಿ ಬದಲಿಸಿ.

ಬೆಂಗಳೂರಿನವರು ಎಡವುವುದು ಒಂದೇ ಕಡೆ. ಮೈಸೂರು ರಸ್ತೆಯ ಸ್ಯಾಟಲೈಟ್ ಬಸ್ ನಿಲ್ದಾಣಕ್ಕೆ ನೇರಳೆ ಮೆಟ್ರೋದಲ್ಲಿ ದೀಪಾಂಜಲಿನಗರದಲ್ಲಿಳಿದು ನಡೆದರೆ ಆಯಿತು, ಅದು ಕಷ್ಟವಲ್ಲ. ಆದರೆ ಅಲ್ಲಿ ಕಣ್ಣಿಗೆ ಬೀಳುವ ಮೊದಲ ಬಸ್ಸು ‘ತಡೆರಹಿತ’ ಬೋರ್ಡಿನ ಮೈಸೂರು ಬಸ್ಸು. 2023ರ ಮಾರ್ಚ್‌ನಲ್ಲಿ ಎಕ್ಸ್‌ಪ್ರೆಸ್‌ವೇ ಉದ್ಘಾಟನೆಯಾದ ಮೇಲೆ ಆ ಬಸ್ಸುಗಳು ಬೈಪಾಸಿನಲ್ಲೇ ಸಾಗುತ್ತವೆ. ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯ ಯಾವ ಊರಿನ ಒಳಗೂ ಹೋಗುವುದಿಲ್ಲ. ಮಂಡ್ಯದಲ್ಲಿ ಇಳಿಯುತ್ತೇನೆ ಎಂದು ಹತ್ತಿದರೆ ಮೈಸೂರಿನವರೆಗೂ ಹೋಗಬೇಕಾದೀತು, ಟೋಲಿನ ಬಾಬ್ತು ಬಳಕೆದಾರರ ಶುಲ್ಕವೂ ಟಿಕೆಟ್ಟಿನಲ್ಲಿ ಸೇರಿರುತ್ತದೆ. ಹತ್ತುವ ಮುಂಚೆ ಕಂಡಕ್ಟರನ್ನು ಕೇಳಬೇಕಾದ ಪ್ರಶ್ನೆ ‘ಮಂಡ್ಯ ಹೋಗುತ್ತಾ’ ಅಲ್ಲ, ‘ಮಂಡ್ಯ ಬಸ್ ಸ್ಟ್ಯಾಂಡ್ ಒಳಗೆ ಹೋಗುತ್ತಾ’. ಮಂಡ್ಯ ಸ್ಟ್ಯಾಂಡಿನಿಂದ ಮೇಲುಕೋಟೆಗೆ ಬಸ್ಸುಗಳಿವೆ, ಒಂದು ಗಂಟೆಗೆ ಸ್ವಲ್ಪ ಮೇಲಾಗುತ್ತದೆ. ಬೆಂಗಳೂರಿನಿಂದ ನೇರ ಬಸ್ಸು ವಿರಳ. ಅದೇ ಬೇಕೆಂದು ಹಟ ಹಿಡಿದರೆ ದಿನ ಅದರ ಸಮಯಕ್ಕೆ ಕಟ್ಟಿಹಾಕಿದಂತಾಗುತ್ತದೆ. ರೈಲಿನಲ್ಲಿ ಮಂಡ್ಯಕ್ಕೆ ಬಂದು ಅಲ್ಲಿಂದ ಬಸ್ಸು ಹಿಡಿಯುವುದೂ ಒಳ್ಳೆಯ ದಾರಿಯೇ.

ನೆನಪಿಡಬೇಕಾದ ಇನ್ನೊಂದು ಹೆಸರು ಜಕ್ಕನಹಳ್ಳಿ ಕ್ರಾಸ್. ಪಾಂಡವಪುರ ಮತ್ತು ನಾಗಮಂಗಲದ ನಡುವೆ ಓಡಾಡುವ ಬಸ್ಸುಗಳು ಈ ಕ್ರಾಸ್ ಹಾದುಹೋಗುತ್ತವೆ. ಇಲ್ಲಿಂದ ಮೇಲುಕೋಟೆ ಐದಾರು ಕಿ.ಮೀ. ಅಷ್ಟೆ, ಹಗಲಲ್ಲಿ ಆಟೋ ಸಿಗುತ್ತದೆ. ಮೇಲುಕೋಟೆಯಿಂದ ನೇರ ಬಸ್ಸು ಸಿಗದಿದ್ದಾಗ ಕೈಹಿಡಿಯುವುದೂ ಇದೇ ಕ್ರಾಸ್.

ಬಸ್ಸಿನ ಒಳಗಿನ ವಿಷಯ. ಇವು ಕೆಂಪು ಬಣ್ಣದ ಸಾಮಾನ್ಯ ಬಸ್ಸುಗಳು, ಮುಂಗಡ ಬುಕಿಂಗ್ ಇಲ್ಲ, ಬಂದವರಿಗೆ ಸೀಟು. ಹಿಂದಿನ ಚಕ್ರದ ಮೇಲೆ ಅಥವಾ ಅದರ ಹಿಂದೆ ಕೂತರೆ ರಸ್ತೆಯ ಪ್ರತಿ ಉಬ್ಬಿಗೂ ಎತ್ತಿಹಾಕುತ್ತದೆ. ಎರಡು ಚಕ್ರಗಳ ನಡುವಿನ ಸೀಟು ಆರಾಮ, ಬ್ಯಾಗನ್ನೂ ಕಾಲ ಬಳಿ ಇಟ್ಟುಕೊಳ್ಳಬಹುದು. ಹಲವು ಬಸ್ಸುಗಳಲ್ಲಿ ಈಗ ಕಂಡಕ್ಟರ್ ಕೈಯ ಯಂತ್ರದಲ್ಲೇ ಕ್ಯೂಆರ್ ಕೋಡ್ ಬರುತ್ತದೆ, ಫೋನಿನಿಂದ ದುಡ್ಡು ಕೊಡಬಹುದು. ಆದರೂ ನೆಟ್‌ವರ್ಕ್ ಕೈಕೊಟ್ಟರೆ ಹಿಂದೆ ಬರುವವರೆಲ್ಲ ನಿಮಗಾಗಿ ಕಾಯಬೇಕು. ಹತ್ತು, ಇಪ್ಪತ್ತರ ನೋಟು ಇಟ್ಟುಕೊಂಡಿರಿ. ಐನೂರರ ನೋಟು ಕೊಟ್ಟರೆ ಕಂಡಕ್ಟರ್ ಟಿಕೆಟ್ಟಿನ ಹಿಂದೆ ಬಾಕಿ ಚಿಲ್ಲರೆ ಬರೆದುಕೊಡುತ್ತಾರೆ. ಅದನ್ನು ಇಳಿಯುವ ಎರಡು ಸ್ಟಾಪ್ ಮೊದಲೇ ಕೇಳಿ ತೆಗೆದುಕೊಳ್ಳಿ. ಬಾಗಿಲ ಬಳಿ ನಿಂತು ಕೇಳಿದರೆ ಗಡಿಬಿಡಿಯಲ್ಲಿ ಉಳಿದುಹೋಗುತ್ತದೆ.

ರಾಜ್ಯದ ಮಹಿಳೆಯರಿಗೆ 2023ರ ಜೂನ್ 11ರಿಂದ ಇರುವ ಶಕ್ತಿ ಯೋಜನೆ ಈ ದಾರಿಯ ಸಾಮಾನ್ಯ ಮತ್ತು ವೇಗದೂತ ಬಸ್ಸುಗಳಿಗೆ ಅನ್ವಯಿಸುತ್ತದೆ. ರಾಜಹಂಸ, ಐರಾವತಕ್ಕೆ ಇಲ್ಲ. ಕರ್ನಾಟಕದ ವಿಳಾಸವಿರುವ ಗುರುತಿನ ಚೀಟಿ ತೋರಿಸಿ ಶೂನ್ಯ ಟಿಕೆಟ್ ಪಡೆಯಲೇಬೇಕು. ಬಸ್ಸು ಬದಲಿಸಿದಾಗಲೆಲ್ಲ ಹೊಸ ಟಿಕೆಟ್. ದುಡ್ಡಿಲ್ಲ ಎಂದ ಮಾತ್ರಕ್ಕೆ ಟಿಕೆಟ್ಟೂ ಬೇಡ ಎಂದುಕೊಂಡು ಕೂರಬೇಡಿ. ಒಂಟಿ ಮಹಿಳೆಯರ ದೃಷ್ಟಿಯಿಂದ ಹೇಳುವುದಾದರೆ ಈ ಪ್ರಯಾಣದಲ್ಲಿ ಅತ್ಯಂತ ನಿಶ್ಚಿಂತೆಯ ಭಾಗ ಬಸ್ಸೇ. ಮುಂದಿನ ಸೀಟುಗಳಲ್ಲಿ ಸಂತೆಗೆ, ಆಸ್ಪತ್ರೆಗೆ, ಕಾಲೇಜಿಗೆ ಹೊರಟ ಹೆಂಗಸರಿರುತ್ತಾರೆ; ‘ಎಲ್ಲಿಗೆ ಹೋಗ್ಬೇಕವ್ವ’ ಎಂದು ಕೇಳಿ, ಇಳಿಯುವ ಜಾಗ ಬಂದಾಗ ತಾವೇ ಎಬ್ಬಿಸುತ್ತಾರೆ.

ಮೇಲುಕೋಟೆಯಲ್ಲಿ ಇಳಿದ ಕೂಡಲೇ ಮಾಡಬೇಕಾದ ಕೆಲಸ, ಕೊನೆಯ ಬಸ್ಸು ಎಷ್ಟಕ್ಕೆ ಎಂದು ವಿಚಾರಿಸುವುದು. ನೀವು ಬಂದ ಬಸ್ಸಿನ ಕಂಡಕ್ಟರನ್ನೇ ಕೇಳಿ, ಪಕ್ಕದ ಅಂಗಡಿಯಲ್ಲಿ ಇನ್ನೊಮ್ಮೆ ಕೇಳಿ. ಎರಡು ಉತ್ತರವೂ ಒಂದೇ ಆಗಿದ್ದರೆ ಅದರ ಹಿಂದಿನ ಬಸ್ಸನ್ನು ನಿಮ್ಮ ಬಸ್ಸು ಎಂದಿಟ್ಟುಕೊಳ್ಳಿ. ಕೊನೆಯದು ಕೆಟ್ಟುನಿಂತರೆ ಇನ್ನೊಂದು ಬರುವುದಿಲ್ಲ. ಬಸ್ಸಿನ ಸಮಯ ಶಾಲಾ ರಜೆ, ಜಾತ್ರೆಗಳಿಗೆ ತಕ್ಕಂತೆ ಬದಲಾಗುತ್ತದೆ, ಹಳೆಯ ವೇಳಾಪಟ್ಟಿಯ ಫೋಟೊ ನೆಚ್ಚಿಕೊಳ್ಳಬೇಡಿ. ಈ ಸೇವೆಯ ದೊಡ್ಡ ಕೊರತೆ ಇದೇ: ಊರು ಅತ್ಯಂತ ಚೆಂದ ಕಾಣುವ ಹೊತ್ತಿಗೆ ಬಸ್ಸುಗಳು ಕಡಿಮೆಯಾಗುತ್ತವೆ. ಸೂರ್ಯಾಸ್ತದ ಹೊತ್ತಿಗೆ ಇನ್ನೊಂದೆರಡು ಬಸ್ಸು ಇದ್ದಿದ್ದರೆ ಐದಕ್ಕೆ ಐದು ಕೊಡಬಹುದಿತ್ತು.

ಗುಡಿಗಳ ಸಮಯವೂ ಇದಕ್ಕೆ ಹೊಂದಿಕೊಳ್ಳಬೇಕು. ಚೆಲುವನಾರಾಯಣಸ್ವಾಮಿ ಗುಡಿಯ ಬಾಗಿಲು ಮಧ್ಯಾಹ್ನ ಒಂದರ ಸುಮಾರಿಗೆ ಹಾಕಿದರೆ ಮತ್ತೆ ತೆಗೆಯುವುದು ನಾಲ್ಕರ ಹೊತ್ತಿಗೆ. ಬೆಟ್ಟದ ಮೇಲಿನ ಯೋಗಾನರಸಿಂಹನ ಗುಡಿಯಲ್ಲಿ ಸಂಜೆ ಇನ್ನೂ ತಡ. ಹನ್ನೆರಡಕ್ಕೆ ಬಂದಿಳಿದವರಿಗೆ ಎರಡರಲ್ಲಿ ಒಂದು ತಪ್ಪುವುದು ಖಚಿತ. ಹತ್ತರೊಳಗೆ ತಲುಪಿ, ಮೊದಲು ಬೆಟ್ಟ ಹತ್ತಿ, ಆಮೇಲೆ ಕೆಳಗಿನ ಗುಡಿ. ಮೆಟ್ಟಿಲು ಮುನ್ನೂರರ ಮೇಲಿವೆ. ಬರಿಗಾಲಲ್ಲಿ ಹತ್ತುವವರಿಗೆ ಹನ್ನೊಂದರ ಮೇಲೆ ಕಲ್ಲು ಕಾದು ಕಾಲಿಡಲಾಗುವುದಿಲ್ಲ. ಕೋತಿಗಳು ಪ್ಲಾಸ್ಟಿಕ್ ಕವರಿನ ಸದ್ದಿಗೇ ಬರುತ್ತವೆ. ತಿಂಡಿ, ಹಣ್ಣು ಎಲ್ಲ ಜಿಪ್ ಹಾಕಿದ ಬ್ಯಾಗಿನೊಳಗಿರಲಿ, ಕೈಯಲ್ಲಿ ನೀರಿನ ಬಾಟಲಿ ಬಿಟ್ಟು ಏನೂ ಬೇಡ. ಒಬ್ಬರೇ ಇದ್ದಾಗ ಬ್ಯಾಗು ನೋಡಿಕೊಳ್ಳುವವರಿಲ್ಲ, ಹಾಗಾಗಿ ಬೆನ್ನಿಗೆ ಹಾಕಿಕೊಳ್ಳುವ ಸಣ್ಣ ಬ್ಯಾಗು ಒಂದೇ ಸಾಕು.

ಒಂದರಿಂದ ನಾಲ್ಕರವರೆಗಿನ ಆ ಖಾಲಿ ಹೊತ್ತೇ ಒಬ್ಬರೇ ಬಂದವರಿಗೆ ಈ ಊರು ಕೊಡುವ ನಿಜವಾದ ಲಾಭ. ಕಾರಿನವರು ಊಟ ಮುಗಿಸಿ ಹೊರಟಿರುತ್ತಾರೆ. ಬೀದಿಯಲ್ಲಿ ಹಳೆಯ ತೊಟ್ಟಿಮನೆಗಳ ಜಗಲಿ, ಮಂಗಳೂರು ಹೆಂಚು, ಬಾಗಿಲಿಗೆ ಬಳಿದ ಕೆಂಪುಮಣ್ಣು ನೋಡುತ್ತ ನಿಧಾನವಾಗಿ ನಡೆಯಬಹುದು. ಕವಿ ಪು.ತಿ. ನರಸಿಂಹಾಚಾರ್ ಹುಟ್ಟಿದ್ದು ಇದೇ ಊರಿನಲ್ಲಿ, 1905ರಲ್ಲಿ. ಅವರ ಮನೆಯನ್ನು ಸ್ಮಾರಕವಾಗಿ ಉಳಿಸಿಕೊಂಡಿದ್ದಾರೆ. ಕಲ್ಯಾಣಿಯ ಸುತ್ತಲಿನ ಮಂಟಪಗಳಲ್ಲಿ ನೆರಳಿದೆ, ಅಲ್ಲಿ ಕೂತು ಓದಬಹುದು. ನೆರಳು ಸರಿದಂತೆ ಕಂಬದಿಂದ ಕಂಬಕ್ಕೆ ಜಾಗ ಬದಲಿಸುತ್ತ ಮಧ್ಯಾಹ್ನ ಕಳೆಯುವುದು ಇಲ್ಲಿನವರೇ ಮಾಡುವ ಕೆಲಸ. ರಾಯಗೋಪುರ ಬಿಸಿಲು ಇಳಿದ ಮೇಲೆ ಚೆನ್ನ: ಅರ್ಧಕ್ಕೆ ನಿಂತ ಗೋಪುರ, ಮೇಲೆ ಬರೀ ಆಕಾಶ. ಅಕ್ಕತಂಗಿ ಕೊಳದ ಅಂಚಿನ ಕಲ್ಲುಗಳ ಮೇಲೆ ಮಳೆಗಾಲದಲ್ಲಿ ಪಾಚಿ, ಒಬ್ಬರೇ ಇರುವಾಗ ನೀರಿಗಿಳಿಯುವ ಸಾಹಸ ಬೇಡವೇ ಬೇಡ. ಇಲ್ಲಿನ ಧನುಷ್ಕೋಟಿ (ರಾಮೇಶ್ವರದ ಬಳಿಯದಲ್ಲ) ಊರಾಚೆ ಇದೆ, ದಾರಿಯಲ್ಲಿ ಜನ ಕಡಿಮೆ. ಹೊತ್ತಿದ್ದಾಗ ಹೋಗಿ, ಕತ್ತಲಾಗುವ ಮೊದಲೇ ಊರು ಸೇರಿ. ಸುತ್ತಲಿನ ಕಾಡು ತೋಳಗಳಿಗೆಂದು 1974ರಲ್ಲಿ ಘೋಷಿಸಿದ ವನ್ಯಜೀವಿಧಾಮ, ಒಬ್ಬರೇ ಕಾಲುದಾರಿ ಹಿಡಿದು ಒಳನುಗ್ಗುವ ಜಾಗವಲ್ಲ. ತೊಣ್ಣೂರು ಕೆರೆಯನ್ನೂ ಅದೇ ದಿನ ಮುಗಿಸುತ್ತೇನೆ ಎನ್ನುವವರು ಆಟೋ ಮಾತಾಡಿಕೊಳ್ಳಬೇಕು, ಬಸ್ಸಿನ ಲೆಕ್ಕದಲ್ಲಿ ಅದು ಆಗದ ಮಾತು.

ಊಟ ಸರಳ. ಸಣ್ಣ ಹೋಟೆಲುಗಳಲ್ಲಿ, ಮನೆಗಳಲ್ಲಿ ಪುಳಿಯೋಗರೆ, ಸಕ್ಕರೆ ಪೊಂಗಲು, ಮೊಸರನ್ನ. ಮಧ್ಯಾಹ್ನ ತಡವಾದರೆ ಮುಗಿದಿರುತ್ತದೆ, ಒಂದೂವರೆಯೊಳಗೆ ಉಂಡುಬಿಡಿ. ಒಳ್ಳೆಯ ಪುಳಿಯೋಗರೆಯಲ್ಲಿ ಅನ್ನದ ಅಗುಳು ಬಿಡಿಬಿಡಿ, ಮೊದಲು ಹುಳಿ, ಆಮೇಲೆ ಬೆಲ್ಲದ ಸಿಹಿ, ಕೊನೆಗೆ ಗಂಟಲಲ್ಲಿ ಮೆಣಸಿನ ಖಾರ. ಗೊಜ್ಜು ಕೊಳ್ಳುವವರು ಮೇಲೆ ಎಣ್ಣೆ ನಿಂತಿರುವುದನ್ನು ನೋಡಿ ಆರಿಸಿ, ಅದು ಹೆಚ್ಚು ದಿನ ಬಾಳುತ್ತದೆ. ಬಸ್ಸಿನ ಕುಲುಕಿಗೆ ಎಣ್ಣೆ ಸೋರುವುದರಿಂದ ಎರಡು ಕವರು ಹಾಕಿಸಿ, ಬ್ಯಾಗಿನಲ್ಲಿ ನೆಟ್ಟಗೆ ನಿಲ್ಲಿಸಿಡಿ.

ರಾತ್ರಿ ತಂಗುವುದಾದರೆ ಮೊದಲೇ ಫೋನ್ ಮಾಡಿ ಕೋಣೆ ಗಟ್ಟಿ ಮಾಡಿಕೊಳ್ಳಿ. ಒಬ್ಬರೇ ಬಂದವರಿಗೆ ಕೋಣೆ ಕೊಡಲು ಹಿಂದೆಮುಂದೆ ನೋಡುವ ರೂಢಿ ಯಾತ್ರಾಸ್ಥಳಗಳಲ್ಲಿ ಇನ್ನೂ ಇದೆ, ಕೆಲವು ಛತ್ರಗಳು ಆಯಾ ಸಮುದಾಯದವರಿಗೆ ಮಾತ್ರ. ‘ಒಬ್ಬರೇ ಬರುತ್ತೇವೆ’ ಎಂದು ಫೋನಿನಲ್ಲೇ ಹೇಳಿ, ಆಧಾರ್ ಪ್ರತಿ ಜೊತೆಗಿರಲಿ. ಕೋಣೆ ಸಿಗದಿದ್ದರೆ ಮಂಡ್ಯ ಅಥವಾ ಮೈಸೂರಿನಲ್ಲೇ ಉಳಿದು, ಬೆಳಗ್ಗೆ ಬೇಗನೆ ಬಂದು ಸಂಜೆ ಹೊರಡುವುದು ಮೇಲು.

ದಿನದ ಆಯ್ಕೆಯಲ್ಲಿ ಮಂಗಳವಾರದಿಂದ ಗುರುವಾರದವರೆಗೆ ಊರು ತನ್ನ ಪಾಡಿಗೆ ತಾನಿರುತ್ತದೆ. ಶನಿವಾರ, ಭಾನುವಾರ ಬೆಟ್ಟದ ಮೆಟ್ಟಿಲ ಮೇಲೆ ಸಾಲು, ವಾಪಸು ಬಸ್ಸಿನಲ್ಲಿ ನಿಲ್ಲಲೂ ಜಾಗವಿಲ್ಲ. ಮಾರ್ಚ್, ಏಪ್ರಿಲ್ ಹೊತ್ತಿಗೆ ಬರುವ ವೈರಮುಡಿ ಉತ್ಸವದ ಸಂಗತಿಯೇ ಬೇರೆ. ಮಂಡ್ಯದ ಖಜಾನೆಯಿಂದ ದೇವರಿಗೆ ತೊಡಿಸುವ ವೈರಮುಡಿ ಕಿರೀಟ ಹೊರಟು ದಾರಿಯುದ್ದಕ್ಕೂ ಪೂಜೆ ಮಾಡಿಸಿಕೊಳ್ಳುತ್ತ ಬರುತ್ತದೆ, ಉತ್ಸವ ನಡೆಯುವುದು ರಾತ್ರಿ. ವಿಶೇಷ ಬಸ್ಸುಗಳನ್ನು ಬಿಡುತ್ತಾರೆ, ಆದರೆ ಅವು ಊರಾಚೆಯೇ ನಿಂತು ಅಲ್ಲಿಂದ ನಡೆಯಬೇಕಾಗುವುದುಂಟು. ಉತ್ಸವ ನೋಡಬೇಕೆಂದೇ ಹೊರಟವರು ಆ ಜನಜಂಗುಳಿಗೆ ಸಿದ್ಧರಾಗಿಯೇ ಬನ್ನಿ. ಸದ್ದಿಲ್ಲದ ಊರು ಬೇಕಾದವರು ಪಂಚಾಂಗ ನೋಡಿ, ಆ ವಾರ ಬಿಟ್ಟು ಬೇರೆ ದಿನ ಬಸ್ಸು ಹತ್ತಿ.