ಟೊಮೆಟೊ ಮಂಡಿಯ ಲೆಕ್ಕಕ್ಕೆ ಗಿಟ್: ಮೂರು ಹಂಗಾಮಿನ ಬಳಕೆಯ ಅನುಭವ

ಕೋಲಾರದ ಎಪಿಎಂಸಿ ಮಾರುಕಟ್ಟೆಯ ಕೆಲವು ಟೊಮೆಟೊ ಮಂಡಿಗಳಿಗೆ ಬಿಲ್ಲಿಂಗ್ ತಂತ್ರಾಂಶ ಮಾಡಿಕೊಡುವ ನಾವು ನಾಲ್ವರು ಕೋಡಿನ ಬದಲಾವಣೆಗಳ ಇತಿಹಾಸವನ್ನು ದಾಖಲಿಸಿಡುವ ಗಿಟ್ ಎಂಬ ಉಪಕರಣವನ್ನು ಮೂರು ಹಂಗಾಮುಗಳಿಂದ ಬಳಸುತ್ತಿದ್ದೇವೆ. ಅದಕ್ಕೂ ಮೊದಲು ದಿನಾಂಕ ಬರೆದ ಫೋಲ್ಡರುಗಳೇ ನಮ್ಮ ದಾಖಲೆಗಳಾಗಿದ್ದವು. ಯಾವುದರಲ್ಲಿ ಏನು ತಿದ್ದಿದ್ದೆವೆಂಬುದು ವಾರ ಕಳೆಯುವಷ್ಟರಲ್ಲಿ ತಿದ್ದಿದವರಿಗೇ ಮರೆತಿರುತ್ತಿತ್ತು.

ಲಿನಸ್ ಟೊರ್ವಾಲ್ಡ್ಸ್ 2005ರಲ್ಲಿ ಲಿನಕ್ಸ್ ಕರ್ನೆಲ್‌ಗಾಗಿ ರೂಪಿಸಿದ ಈ ಉಪಕರಣದಲ್ಲಿ ನಾನು ಹೆಚ್ಚು ಮೆಚ್ಚಿದ್ದು ಬ್ರಾಂಚಿನ, ಅಂದರೆ ಕೆಲಸದ ಪ್ರತ್ಯೇಕ ಕವಲಿನ, ಹಗುರತನವನ್ನು. ಬ್ರಾಂಚ್ ಎಂದರೆ ಇಡೀ ಯೋಜನೆಯ ನಕಲಲ್ಲ, ಒಂದು ಕಮಿಟ್ ಅನ್ನು (ದಾಖಲಿಸಿಟ್ಟ ಬದಲಾವಣೆಯನ್ನು) ತೋರಿಸುವ ಗುರುತು ಮಾತ್ರ. ಜುಲೈನಲ್ಲಿ ಹರಾಜು ನಡೆಯುತ್ತಿರುವಾಗಲೇ ಬಿಲ್ಲಿನ ಮೊತ್ತ ತಪ್ಪಿದೆಯೆಂದು ಮಂಡಿಯಿಂದ ಫೋನ್ ಬಂದರೆ, ಅರ್ಧ ಮುಗಿದ ಕೆಲಸವನ್ನು ಅದರ ಬ್ರಾಂಚಿನಲ್ಲೇ ಕಮಿಟ್ ಮಾಡಿಟ್ಟು, ಮುಖ್ಯ ಬ್ರಾಂಚಾದ ಮೇನ್‌ನಿಂದ ಹೊಸ ಬ್ರಾಂಚ್ ತೆಗೆದು, ಆ ತಪ್ಪನ್ನಷ್ಟೇ ತಿದ್ದಿ, ಮೇನ್‌ಗೆ ಮರ್ಜ್ ಮಾಡಿ, ಅಂದರೆ ಸೇರಿಸಿ, ಕಳುಹಿಸುತ್ತೇವೆ.

ಕಮಿಟ್‌ಗಳು ಚಿಕ್ಕದಾಗಿರಬೇಕೆಂಬುದು ನಮಗೆ ಮನದಟ್ಟಾಗಿದ್ದು, 15 ಕೆಜಿ ಬಾಕ್ಸ್‌ಗಳ ಲೆಕ್ಕದಲ್ಲಿ ಪೈಸೆಗಳು ಕಾಣೆಯಾಗತೊಡಗಿದಾಗ. ತಪ್ಪು ನುಸುಳಿದ್ದೆಲ್ಲೆಂದು ಸುಮಾರು 200 ಕಮಿಟ್‌ಗಳ ನಡುವೆ ಹುಡುಕಬೇಕಿತ್ತು. ‘ಗಿಟ್ ಬೈಸೆಕ್ಟ್’ ಆ ಸಾಲನ್ನು ಪ್ರತಿ ಸಲವೂ ಅರ್ಧಕ್ಕಿಳಿಸುತ್ತಾ ಎಂಟೇ ಪರೀಕ್ಷೆಗಳಲ್ಲಿ ಅದನ್ನು ತೋರಿಸಿಕೊಟ್ಟಿತು. ಆ ಕಮಿಟ್‌ನಲ್ಲಿ ರೌಂಡಿಂಗ್ ಬದಲಾವಣೆಯೊಂದೇ ಇದ್ದುದರಿಂದ ಹತ್ತು ನಿಮಿಷದಲ್ಲಿ ಸರಿಪಡಿಸಿದೆವು. ದಿನದ ಕೆಲಸವನ್ನೆಲ್ಲ ಒಂದೇ ಕಮಿಟ್‌ಗೆ ತುಂಬಿ ‘ಅಪ್‌ಡೇಟ್’ ಎಂದು ಬರೆದಿದ್ದರೆ, ಬೈಸೆಕ್ಟ್ ಮುಗಿದ ಮೇಲೂ ಹುಡುಕಾಟ ಉಳಿದಿರುತ್ತಿತ್ತು.

ಆಜ್ಞೆಗಳ ಹೆಸರುಗಳು ಮಾತ್ರ ಹೊಸಬರನ್ನು ಕಂಗೆಡಿಸುತ್ತವೆ. ‘ಚೆಕೌಟ್’ ಬ್ರಾಂಚ್ ಬದಲಿಸುವುದಕ್ಕೂ ಫೈಲಿನ ತಿದ್ದುಪಡಿ ಅಳಿಸುವುದಕ್ಕೂ ಬಳಕೆಯಾಗುತ್ತಿತ್ತು; 2019ರ 2.23 ಆವೃತ್ತಿಯಲ್ಲಿ ‘ಸ್ವಿಚ್’ ಮತ್ತು ‘ರಿಸ್ಟೋರ್’ ಬಂದಿದ್ದರಿಂದ ಕಲಿಸುವುದು ಸುಲಭವಾಗಿದೆ. ಕಮಿಟ್‌ಗಳನ್ನು ಹೊಸ ಬುಡದ ಮೇಲೆ ಮರುರಚಿಸುವ ‘ರೀಬೇಸ್’ ಇದಕ್ಕಿಂತಲೂ ಅಪಾಯಕಾರಿ. ಹಂಚಿಕೊಂಡ ಬ್ರಾಂಚನ್ನು ನಾನೇ ಒಮ್ಮೆ ರೀಬೇಸ್ ಮಾಡಿ ಫೋರ್ಸ್ ಪುಶ್ ಮಾಡಿದೆ, ಅಂದರೆ ಸರ್ವರಿನ ಪ್ರತಿಯ ಮೇಲೆ ಒತ್ತಾಯದಿಂದ ನನ್ನದನ್ನು ಹೇರಿದೆ. ಸಹೋದ್ಯೋಗಿಯ ಎರಡು ಕಮಿಟ್‌ಗಳು ಸರ್ವರಿನ ಬ್ರಾಂಚಿನಿಂದ ಮರೆಯಾದವು. ಬ್ರಾಂಚಿನ ಪ್ರತಿ ನಡೆಯನ್ನೂ ಬರೆದಿಡುವ, ಅವರ ಕಂಪ್ಯೂಟರಿನ ರೀಫ್ಲಾಗ್‌ನಲ್ಲಿ ಅವು ಸಿಕ್ಕವು. ಅಂದಿನಿಂದ ‘ಫೋರ್ಸ್ ವಿತ್ ಲೀಸ್’ ಬಿಟ್ಟು ಬೇರೆಯದನ್ನು ಬಳಸಿಲ್ಲ, ಏಕೆಂದರೆ ನಮ್ಮ ಕಂಪ್ಯೂಟರಿಗೆ ಇನ್ನೂ ತಂದುಕೊಳ್ಳದ ಕಮಿಟ್ ಸರ್ವರಿನಲ್ಲಿದ್ದರೆ ಅದು ಪುಶ್ ಅನ್ನು ನಿರಾಕರಿಸುತ್ತದೆ.

ಕಮಿಟ್ ಮಾಡದ ತಿದ್ದುಪಡಿಗಳನ್ನು ಮಾತ್ರ ರೀಫ್ಲಾಗ್ ಕಾಯುವುದಿಲ್ಲ. ‘ರೀಸೆಟ್ ಹಾರ್ಡ್’ ಅವುಗಳನ್ನು ಒಂದು ಮಾತೂ ಕೇಳದೆ ಅಳಿಸಿಹಾಕುತ್ತದೆ. ಇಷ್ಟು ಜಾಗರೂಕವಾದ ಉಪಕರಣದಲ್ಲಿ ಈ ಕೊರತೆಯನ್ನು ನಾನು ಇಂದಿಗೂ ಒಪ್ಪಿಕೊಂಡಿಲ್ಲ.